ಶುಐಬಾದ ಕ್ಯಾಂಪಿನಲ್ಲಿ ಕೇಳಿದ ತುಳು

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ, ಮೊದಲು ಇವರ ಬಿ.ಪಿ. ನೋಡಬೇಕು ಅಂದುಕೊಳ್ಳುತ್ತಿದ್ದವಳು ನಾನು. ನರ್ಸ್ ಕೆಲಸಕ್ಕೆ ಸೇರಿ ಹತ್ತೊಂಬತ್ತು ವರ್ಷವಾಯಿತು. ಜ್ವರ ನೆತ್ತಿಗೇರಿದಾಗ, ನಿದ್ದೆಗೆಟ್ಟಾಗ ಮನುಷ್ಯರಿಗೆ ಏನೇನು ಕಾಣುತ್ತದೆ, ಏನೇನು ಕೇಳುತ್ತದೆ ಎಂದು ಬಲ್ಲೆ. ಆದರೆ ನನಗೆ ಇದು ಆದದ್ದು ಹಾಡುಹಗಲಲ್ಲಿ, ನಲವತ್ತು ಜನರ ನಡುವೆ. ಜ್ವರವೂ ಇರಲಿಲ್ಲ.

ನಾಲ್ಕು ವರ್ಷದ ಹಿಂದಿನ ಮಾತು. ಕುವೈತಿನ ಶುಐಬಾದಲ್ಲಿ ಕಾರ್ಖಾನೆ ಕಟ್ಟಲು ಚೀನಾದಿಂದ ಬಂದಿದ್ದ ಕೆಲಸಗಾರರಿಗೆ ಲಿವರ್ ತಪಾಸಣೆ ಇತ್ತು. ನಮ್ಮ ಕ್ಲಿನಿಕ್ಕಿನಿಂದ ಸಹಾಯಕ್ಕೆ ನನ್ನನ್ನು ಕಳಿಸಿದರು. ತಪಾಸಣೆ ನಡೆಸುತ್ತಿದ್ದವರು ಡಾಕ್ಟರ್ ಲಿನ್ ಎಂಬ ಚೀನೀ ಹೆಂಗಸು. ತಮ್ಮ ದೇಶದ ಹಳ್ಳಿಗಳಲ್ಲಿ ವರ್ಷಗಟ್ಟಲೆ ಇದೇ ಸಂಶೋಧನೆ ಮಾಡಿದವರು. ಈ ಕೆಲಸಗಾರರೂ ಹೆಚ್ಚಾಗಿ ಆ ಕಡೆಯವರೇ. ಅಲ್ಲಿ ಲಿವರಿನ ಕ್ಯಾನ್ಸರ್ ನೋಡದ ಮನೆ ಕಡಿಮೆಯಂತೆ. ಪರೀಕ್ಷೆಗೆ ಬಂದವರಿಗಿಂತ ಬಾರದವರ ಬಗ್ಗೆಯೇ ಅವರಿಗೆ ಚಿಂತೆ. ಪುಕ್ಕಟೆ ಎಂದರೂ ಒಬ್ಬ ಮನುಷ್ಯ ಬಾಗಿಲವರೆಗೆ ಬಂದು ಯಾಕೆ ತಿರುಗಿ ಹೋಗುತ್ತಾನೆ, ಅದನ್ನು ಕೇಳಿಕೊಂಡು ಮನೆಮನೆ ಅಲೆದಿದ್ದೇನೆ ಎಂದು ಹೇಳಿದ್ದರು.

ನನ್ನ ಗಂಡ ಸದಾನಂದರೂ ಅಂಥವರೇ. ಶುವೈಖಿನ ಒಂದು ಗೋದಾಮಿನಲ್ಲಿ ಸೂಪರ್‌ವೈಸರ್. ಆ ದಿನಗಳಲ್ಲಿ ಅವರಿಗೆ ಊಟ ಸೇರುತ್ತಿರಲಿಲ್ಲ, ಯಾವಾಗಲೂ ಸುಸ್ತು. ರಕ್ತ ಪರೀಕ್ಷೆ ಮಾಡಿಸಿ ಎಂದರೆ, "ನಂಗೆ ಎಂತದೂ ಆಗ್ಲಿಲ್ಲ ಮಾರಾಯ್ತಿ. ಇಕಾಮಾ ಕೊಡುವಾಗ ಸರಕಾರದವರೇ ಎಲ್ಲ ಟೆಸ್ಟ್ ಮಾಡಿದ್ದಾರಲ್ಲ" ಎಂದು ವಾಸದ ಪರವಾನಗಿಯ ನೆಪ ಹೇಳಿ ಮಾತು ಮುಗಿಸುತ್ತಿದ್ದರು.

ಕ್ಯಾಂಪಿನ ಊಟದ ಹಾಲಿನಲ್ಲಿ ಪರದೆ ಕಟ್ಟಿ ಸ್ಕ್ಯಾನಿಂಗ್ ಮೆಷಿನ್ ಇಟ್ಟಿದ್ದೆವು. ನಾನು ರಕ್ತ ತೆಗೆಯುವುದು, ಸ್ಕ್ಯಾನ್ ಮುಗಿಸಿ ಬಂದವರಿಗೆ ಮೊದಲೇ ಬರೆದಿಟ್ಟ ಅವರ ಹೆಸರಿನ ಚೀಟಿ ಕೊಟ್ಟು ಕಳಿಸುವುದು. ಮಧ್ಯಾಹ್ನ ಮೂರರ ಹೊತ್ತಿಗೆ ಝೌ ಎಂಬ ವೆಲ್ಡರ್ ಬಂದು ನನ್ನೆದುರು ಕುಳಿತರು. ಐವತ್ತು ದಾಟಿದವರು. ಚೀಟಿ ಕೊಟ್ಟೆ. ಅವರು ಏಳಲಿಲ್ಲ, ನನ್ನ ಮುಖವನ್ನೇ ನೋಡಿದರು. ಆಗ ಕೇಳಿತು, ನಮ್ಮ ಮನೆಯ ತುಳುವಿನಲ್ಲಿ: "ಆರೆನ್‌ಲಾ ತೂಲೆ."

ಅವರನ್ನೂ ನೋಡಿ, ಎಂದು ಅರ್ಥ. ಗಂಡಸಿನ ಒಡಕು ದನಿ. ನನ್ನ ಬೆನ್ನ ಹಿಂದೆ ಗೋಡೆ. ಆ ಹಾಲಿನಲ್ಲಿ ತುಳು ಬಲ್ಲವಳು ನಾನೊಬ್ಬಳೇ. ಝೌ ಎದ್ದು ಹೋದರು. ಅವರ ತುಟಿ ಅಲುಗಿತೋ ಇಲ್ಲವೋ, ಇಂದಿಗೂ ಆಣೆಯಿಟ್ಟು ಹೇಳಲಾರೆ. ಮುಂದಿನವರ ನರ ಸಿಗದೆ ಎರಡು ಸಲ ಚುಚ್ಚಿದೆ.

ನಾನು ಮನೆಯಲ್ಲಿ ಗಂಡನ ಹೆಸರು ಹೇಳುವವಳಲ್ಲ, 'ಆರ್', ಅಂದರೆ 'ಅವರು' ಎನ್ನುತ್ತೇನೆ. ಹಾಗಾಗಿ ಬೇರೆ ಯಾರ ಯೋಚನೆಯೂ ನನಗೆ ಬರಲಿಲ್ಲ. ಸಂಜೆ ಹೊರಡುವಾಗ ಮೇಜಿನ ಮೇಲೆ ಒಂದು ಚೀಟಿ ಉಳಿದಿತ್ತು. ಚೆನ್ ಎಂಬವರದು. ಬೆಂಚಿನಲ್ಲಿ ಝೌ ಪಕ್ಕ ಕುಳಿತಿದ್ದವರು, ಸರದಿ ಬರುವ ಮೊದಲೇ ಎದ್ದು ಹೋಗಿದ್ದರು. ಅವರ ಹೆಸರಿನ ಮುಂದೆ 'ಬರಲಿಲ್ಲ' ಎಂದು ನಾನೇ ಬರೆದೆ. ಯಲ್ಲಾ ಯಲ್ಲಾ ಎಂದು ಡ್ರೈವರನ್ನು ಅವಸರಪಡಿಸಿ ರಿಗ್ಗೈಗೆ, ಮನೆಗೆ ಓಡಿದೆ.

ಆ ವಾರ ಅತ್ತು ಹಟ ಹಿಡಿದು ಸದಾನಂದರನ್ನು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ರಕ್ತ, ಸ್ಕ್ಯಾನ್, ಎಲ್ಲ ಆಯಿತು. ಸ್ವಲ್ಪ ಗ್ಯಾಸ್ಟ್ರಿಕ್, ಅಷ್ಟೇ.

ಮೂರು ತಿಂಗಳ ಮೇಲೆ ಡಾಕ್ಟರ್ ಲಿನ್ ಫೋನ್ ಮಾಡಿದರು. ಚೆನ್‌ಗೆ ಕಾಮಾಲೆ, ಹೊಟ್ಟೆಯಲ್ಲಿ ನೀರು ತುಂಬಿದೆ. ಲಿವರಿನ ಗಡ್ಡೆ ಕೈಮೀರಿದೆ, ಊರಿಗೆ ಕಳಿಸುತ್ತಿದ್ದಾರೆ. ಬಿಟ್ಟುಹೋದವರನ್ನೆಲ್ಲ ಇನ್ನೊಮ್ಮೆ ನೋಡಬೇಕು, ಬರುತ್ತೀರಾ ಎಂದು ಕೇಳಿದರು.

ಹೋದೆ. ಝೌ ಅವರನ್ನು ಹುಡುಕಿ, ನಾಚಿಕೆ ಬಿಟ್ಟು, ಅಂದು ನನಗೆ ಏನು ಹೇಳಿದಿರಿ ಎಂದು ಡಾಕ್ಟರ್ ಲಿನ್ ಮೂಲಕ ಕೇಳಿಸಿದೆ. ನಮ್ಮ ಊರಿನವರು ಯಾರಿಂದಲಾದರೂ ತುಳು ಕಲಿತಿರಬಹುದೇ ಎಂಬ ಆಸೆ ನನಗೆ. ಆದರೆ ಅಂದಿಗೆ ಝೌ ಕುವೈತಿಗೆ ಬಂದು ಮೂರೇ ವಾರವಾಗಿತ್ತಂತೆ. ಅವರು ತಮ್ಮ ಭಾಷೆಯಲ್ಲಿ ಹೇಳಿದರು. ಡಾಕ್ಟರ್ ಲಿನ್ ನಿಧಾನವಾಗಿ ಇಂಗ್ಲಿಷಿನಲ್ಲಿ ತಿಳಿಸಿದರು:

"ನಾನು ಏನೂ ಹೇಳಲಿಲ್ಲ. ಹೇಳಬೇಕು ಅಂತ ಕೂತಿದ್ದೆ. ಚೆನ್ ಹೊಟ್ಟೆ ಹಿಡಿದುಕೊಂಡು ನರಳುತ್ತಿದ್ದ, ಅವನನ್ನೂ ನೋಡಿ ಅಂತ. ಡಾಕ್ಟರಿಗೆ ಹೇಳಿದರೆ ಕೆಲಸದಿಂದ ಕಳಿಸುತ್ತಾರೆ, ಹೇಳಬೇಡ ಎಂದು ನನ್ನ ಹತ್ತಿರ ಆಣೆ ಹಾಕಿಸಿದ್ದ. ನಿಮಗೆ ಹೇಳೋಣ ಅಂದರೆ ನಿಮ್ಮ ಭಾಷೆ ಬರಲಿಲ್ಲ."

ನೀವು ಏನು ಕೇಳಿಸಿಕೊಂಡಿರಿ ಎಂದು ಡಾಕ್ಟರ್ ಲಿನ್ ವಿಚಾರಿಸಿದರು. ಹೇಳಿದೆ. ಅವರು ನಗಲಿಲ್ಲ. ಕೇಳಿ ಏನು ಮಾಡಿದಿರಿ ಎಂದರು. ಗಂಡನಿಗೆ ಪರೀಕ್ಷೆ ಮಾಡಿಸಿದೆ ಎಂದೆ. ಒಳ್ಳೆಯದಾಯಿತು ಎಂದರು. ಮೂರು ತಿಂಗಳ ಹಿಂದೆ ಗೊತ್ತಾಗಿದ್ದರೂ ಚೆನ್‌ಗೆ ದೊಡ್ಡ ವ್ಯತ್ಯಾಸ ಆಗುತ್ತಿರಲಿಲ್ಲವೇನೋ ಎಂದು, ನನ್ನ ಮುಖ ನೋಡದೆ ಹೇಳಿದರು.

ಆ ದನಿ ಎಲ್ಲಿಂದ ಬಂತು ಎಂದು ನಾನು ಹೇಳಲಾರೆ. ಓದುವ ನಿಮಗೆ ಏನಾದರೂ ತೋಚಿದರೆ ಅದೂ ಸರಿಯಿರಬಹುದು. ಆದರೆ ಇನ್ನೊಂದು ವಿಷಯವನ್ನು ನಾನು ಸದಾನಂದರಿಗೂ ಹೇಳಿಲ್ಲ. ಫೋನಿನಲ್ಲಿ ಚೆನ್ ಸುದ್ದಿ ಕೇಳಿದಾಗ ನನಗೆ ಮೊದಲು ಬಂದದ್ದು ಸಂಕಟವಲ್ಲ; ಸದ್ಯ, ಆ ಮಾತು ನಮ್ಮವರ ಬಗ್ಗೆ ಅಲ್ಲ ಎಂಬ ಸಮಾಧಾನ. ಚೆನ್ ಊರು ಮುಟ್ಟಿದ ಮೇಲೆ ಎಷ್ಟು ದಿನ ಇದ್ದರು ಎಂದು ನಾನು ಯಾರನ್ನೂ ಕೇಳಲಿಲ್ಲ. ಕೇಳುವ ಧೈರ್ಯ ಇನ್ನೂ ಬಂದಿಲ್ಲ.