ಗೋಣಿಚೀಲದಲ್ಲಿ ಮರಳಿ ಬಂದ ಪಿಸ್ಟನ್

ನನ್ನ ಮೇಜಿನ ಮೇಲೆ ಒಂದು ಪಿಸ್ಟನ್ ಇದೆ. ಹಳೆಯ ಅಂಬಾಸಿಡರ್ ಕಾರಿನದ್ದು. ತಲೆಕೆಳಗಾಗಿ ಇಟ್ಟರೆ ಒಳಗಿನ ಟೊಳ್ಳಿನಲ್ಲಿ ಐದಾರು ಪೆನ್ನು ಹಿಡಿಸುತ್ತವೆ. ವಿಮಾ ಏಜೆಂಟನಾಗಿ ನಾನು ಬರೆದ ಎಷ್ಟೋ ಅರ್ಜಿಗಳ ಪೆನ್ನು ಅದರಿಂದಲೇ ಹೊರಟದ್ದು. ಕಳೆದ ಭಾನುವಾರ ಜಿಡ್ಡು ಹಿಡಿದಿದೆಯೆಂದು ಡೀಸೆಲ್ ಅದ್ದಿದ ಬಟ್ಟೆಯಿಂದ ಒರೆಸಿದೆ. ಆಮೇಲೆ ಎಷ್ಟು ತೊಳೆದರೂ ಕೈಯ ವಾಸನೆ ಹೋಗಲಿಲ್ಲ. ಡೀಸೆಲ್, ಅದರ ಮೇಲೆ ಕೆಂಪು ಸಾಬೂನು... ಜಾಲ್ಸೂರಿನ ಗ್ಯಾರೇಜಿನ ಕಾಕನ ಕೈ ಸದಾ ಹೀಗೆಯೇ ನಾರುತ್ತಿತ್ತು.

ಒರೆಸುತ್ತಿರುವಾಗಲೇ ಮನೆಗೆ ಬಂದ ಗೆಳೆಯರೊಬ್ಬರು ಪಿಸ್ಟನ್ ನೋಡಿ ಒಂದು ಮಾತು ಹೇಳಿದರು. ಆ ಮಾತು ಆಮೇಲೆ. ಮೊದಲು ಕಾಕನ ವಿಷಯ ಹೇಳಬೇಕು, ಏಕೆಂದರೆ ನಾನು ಹೇಳದಿದ್ದರೆ ಬೇರೆ ಯಾರೂ ಹೇಳುವವರಿಲ್ಲ.

ಕಾಸರಗೋಡಿನ ರಸ್ತೆ ಕವಲೊಡೆಯುವಲ್ಲಿಂದ ಸ್ವಲ್ಪ ಮುಂದೆ, ತಗಡಿನ ಮಾಡಿನ ಗ್ಯಾರೇಜು ಅವರದ್ದು. ಹಿರಿಯರನ್ನು ಕರೆಯುವಂತೆ ಊರೆಲ್ಲ ಅವರನ್ನು ಕಾಕ ಎನ್ನುತ್ತಿತ್ತು. ಬೋರ್ಡು ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಗುತ್ತಿಗಾರಿನ ಜೀಪಿನವರು ಸುಳ್ಯ ಪೇಟೆಯ ಗ್ಯಾರೇಜುಗಳನ್ನೆಲ್ಲ ದಾಟಿ ಅವರಲ್ಲಿಗೆ ಬರುತ್ತಿದ್ದರು. ಮಾತು ಕಡಿಮೆಯ ಮನುಷ್ಯ. ನನ್ನಂಥ ವಾಚಾಳಿಗೆ ಅದೇ ದೊಡ್ಡ ಆಶ್ಚರ್ಯ. ಅರ್ಧ ಗಂಟೆ ಮಾತನಾಡಿ ನಾನು ಒಂದು ಪಾಲಿಸಿ ಮಾರುತ್ತಿದ್ದೆ, ಬಾಯಿ ತೆರೆಯದೆ ಅವರು ಗಿರಾಕಿ ಸಂಪಾದಿಸುತ್ತಿದ್ದರು.

ಅವರಿಗೊಂದು ಪದ್ಧತಿ ಇತ್ತು. ಗಾಡಿಯಿಂದ ತೆಗೆದ ಹಳೆಯ ಸಾಮಾನನ್ನೆಲ್ಲ, ಒಂದು ಸವೆದ ವಾಷರನ್ನೂ ಬಿಡದೆ, ಗೋಣಿಚೀಲದಲ್ಲಿ ಕಟ್ಟಿ ಗಾಡಿಯವನ ಕೈಗೆ ಕೊಡುತ್ತಿದ್ದರು. "ನಿಮ್ಮದು ನಿಮಗೆ" ಎನ್ನುತ್ತಿದ್ದರು. ಹೊಸತು ಹಾಕಿದ್ದು ನಿಜ ಎನ್ನುವುದಕ್ಕೆ ಅದೇ ರಸೀದಿ. ಗುಜರಿಗೆ ಹಾಕಿದ್ದರೆ ಅವರಿಗೂ ನಾಲ್ಕು ಕಾಸು ಆಗುತ್ತಿತ್ತು. ಹಾಕಲಿಲ್ಲ.

ನನ್ನ ಅಂಬಾಸಿಡರ್ ಕುಂಬ್ರದಿಂದ ಕಡಬದವರೆಗೆ ಮನೆ ಮನೆ ಸುತ್ತಿ ಸುತ್ತಿ ಸೊರಗಿತ್ತು. ಹಿಂದಿನಿಂದ ಹೊಗೆ, ಮುಂದಿನಿಂದ ಎಣ್ಣೆ. ಪುತ್ತೂರಿನಲ್ಲಿ ಒಬ್ಬರು, ಬೇರೆ ಗಾಡಿಯಿಂದ ಇಳಿಸಿದ ಎಂಜಿನ್ ಕೂರಿಸಿದರೆ ಎರಡು ದಿನದ ಕೆಲಸ ಎಂದರು. ನನಗೆ ಪಿಸ್ಟನ್ನಿನ ರಿಂಗ್ ಮಾತ್ರ ಬದಲಾಯಿಸಿ ಕೈತೊಳೆದುಕೊಳ್ಳುವ ಆಸೆ. ಕಾಕ ಬಾನೆಟ್ ಎತ್ತಿ ಬಹಳ ಹೊತ್ತು ಕಿವಿಗೊಟ್ಟರು.

"ರಿಂಗ್ ಮಾತ್ರ ಹಾಕ್ಲಿಕ್ಕೆ ಆಗ್ತದೆ ಏಜೆಂಟ್ರೆ. ಆರು ತಿಂಗಳಿಗೆ ಬೇರಿಂಗ್ ಹೋಗ್ತದೆ, ಮತ್ತೆ ಪಂಪು. ಹಾಗೆ ತುಂಡು ತುಂಡು ಹಾಕಿದ್ರೆ ಕೊನೆಗೆ ಎರಡು ಎಂಜಿನಿನ ಖರ್ಚು. ಬಿಚ್ಚುದಾದ್ರೆ ಒಮ್ಮೆ ಪೂರಾ ಬಿಚ್ಚುದು."

"ಮತ್ತೆ ಪುತ್ತೂರಿನವರು ಹೇಳಿದ ಎಂಜಿನ್?"

"ಅದು ಯಾರದ್ದೋ, ಅವರು ಹೇಗೆ ಓಡಿಸಿದ್ದೋ. ನಿಮ್ಮ ಬ್ಲಾಕ್ ಗಟ್ಟಿ ಉಂಟು. ಇದನ್ನು ಬಿಡುದು ಬೇಡ."

ಒಪ್ಪಿದೆ. ಎರಡು ತಿಂಗಳ ಕಮಿಷನ್ ಅದಕ್ಕೇ ಹೋಯಿತು. ಕಾಕ ಎಂಜಿನ್ನಿನ ಬ್ಲಾಕನ್ನು ಪುತ್ತೂರಿನ ಲೇತ್ ಅಂಗಡಿಗೆ ಒಯ್ದು, ಅಲ್ಲೇ ನಿಂತು ಸವೆದ ಒಳಮೈಯನ್ನು ಕೊರೆಸಿ ಬೋರ್ ಮಾಡಿಸಿದರು. ಹೊಸ ಪಿಸ್ಟನ್, ಹೊಸ ರಿಂಗ್, ಹೊಸ ಬೇರಿಂಗ್. ಮೂರು ವಾರ ಹಿಡಿಯಿತು. ಗಾಡಿ ಕೊಡುವಾಗ ಅವರು ಎಂದಿಗಿಂತ ಹೆಚ್ಚು ಮಾತನಾಡಿದರು.

"ಸಾವಿರ ಕಿಲೋಮೀಟರ್ ಆಗುವವರೆಗೆ ಸ್ಪೀಡು ನಲ್ವತ್ತರ ಮೇಲೆ ಬೇಡ. ಲೋಡು ಬೇಡ, ಘಾಟಿ ಬೇಡ. ಹೊಸ ಚಪ್ಪಲಿ ಹಾಕಿ ಓಡ್ಲಿಕ್ಕೆ ಆಗ್ತದಾ? ಹಾಗೆಯೇ ಇದು. ಮತ್ತೆ ನೀವು ಮರೆತ್ರೂ ಇದು ಓಡ್ತದೆ."

ಹೂಂ ಎಂದೆ. ಹತ್ತನೆಯ ದಿನಕ್ಕೆ ಮಡಿಕೇರಿಯಲ್ಲಿ ಏಜೆಂಟರ ಸಭೆ ಬಂತು. ನನಗೆ ಶಾಲು ಹೊದಿಸುವವರಿದ್ದರು. ಬಸ್ಸಿನಲ್ಲಿ ಹೋಗಿ ಶಾಲು ಹೊದೆಯುವುದೆಂದರೆ ಹೇಗೆ? ಹೆಂಡತಿ, ಅತ್ತೆ, ಭಾವ, ಭಾವನ ಹೆಂಡತಿ ಎಲ್ಲರನ್ನೂ ತುಂಬಿಸಿಕೊಂಡು ಹೊರಟೆ. ಸಂಪಾಜೆ ದಾಟಿ ಘಾಟಿ ಹತ್ತುವಾಗ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮೇಲೇರಿತು. ನಿಲ್ಲಿಸಬೇಕಿತ್ತು. ಅಷ್ಟರಲ್ಲಿ ಇನ್ನೊಬ್ಬ ಏಜೆಂಟ್ ಹೊಸ ಕಾರಿನಲ್ಲಿ ಹಾರ್ನ್ ಹೊಡೆಯುತ್ತ ನನ್ನನ್ನು ದಾಟಿಹೋದ. ನಾನು ಆಕ್ಸಿಲರೇಟರ್ ಒತ್ತಿದೆ. ಒತ್ತಿಯೇ ಹತ್ತಿಸಿದೆ. ಮೇಲೆ ತಲಪುವಾಗ ಎಂಜಿನ್ನಿನೊಳಗೆ ಟಕಟಕ ಸದ್ದು, ಸುಟ್ಟ ವಾಸನೆ. ನೀರು ಹಾಕಿ, ತಣಿಸಿ, ಶಾಲು ಹೊದ್ದು, ತೆವಳುತ್ತ ವಾಪಸು ಬಂದೆ.

ಮೂರನೆಯ ದಿನ ಕುಂಬ್ರದಲ್ಲಿ, ಸಮತಟ್ಟಾದ ರಸ್ತೆಯಲ್ಲಿ, ಕಾರು ನಿಂತಿತು. ಎಂಜಿನ್ ಜಾಮ್. ಜನ ಸೇರಿದರು. ಹೆಚ್ಚಿನವರು ನನ್ನ ಗಿರಾಕಿಗಳು. "ಎಂತ ಏಜೆಂಟ್ರೆ, ಈಗ ಅಲ್ವಾ ಪೂರಾ ಕೆಲಸ ಮಾಡಿಸಿದ್ದು?" ಎಂದು ಒಬ್ಬ ನಕ್ಕ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಆ ನೆಲ ಹುಡುಕಲು ಬಹಳ ದೂರ ಹೋಗಲಿಲ್ಲ.

"ಡುಪ್ಲಿಕೇಟ್ ಹಾಕಿದ್ದಾನೆ ಮಾರಾಯ್ರೆ, ಮತ್ತೆಂತ" ಎಂದೆ. ಅಷ್ಟು ವರ್ಷದಲ್ಲಿ ಕಾಕನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು.

ಜಾಲ್ಸೂರಿಗೆ ಕಾರನ್ನು ಎಳೆದು ತಂದಾಗ ಕಾಕ ಒಂದೇ ಪ್ರಶ್ನೆ ಕೇಳಿದರು. "ಘಾಟಿ ಹತ್ತಿಸಿದ್ರಾ ಏಜೆಂಟ್ರೆ?"

"ಇಲ್ಲ ಕಾಕ. ನಲ್ವತ್ತು ದಾಟಿಸಿಲ್ಲ."

ಮೀಟರಿನಲ್ಲಿ ಓಡಿದ ಕಿಲೋಮೀಟರ್ ಎಣಿಸುವ ಅಂಕಿಗಳು ನಿಂತು ಎಷ್ಟೋ ಕಾಲವಾಗಿತ್ತು. ನನ್ನ ಮಾತೇ ಸಾಕ್ಷಿ. ಮನೆಯಲ್ಲಿ ಹೆಂಡತಿ ಒಮ್ಮೆ ಕೇಳಿದಳು, "ಮಡಿಕೇರಿಗೆ ಹೋದದ್ದು ಅವರಿಗೆ ಹೇಳುದಿಲ್ವಾ?" ನಾನು ಗದರಿದೆ. ಅವಳು ಮತ್ತೆ ಆ ವಿಷಯ ಎತ್ತಲಿಲ್ಲ.

ಕಾಕ ಇಡೀ ಎಂಜಿನನ್ನು ಮತ್ತೆ ಬಿಚ್ಚಿದರು. ಮತ್ತೆ ಲೇತು, ಮತ್ತೆ ಹೊಸ ಪಿಸ್ಟನ್. ಖರ್ಚೆಲ್ಲ ಅವರ ಕೈಯಿಂದಲೇ. ನಾನು ಎಷ್ಟಾಯಿತೆಂದು ಕೇಳಿದಾಗ ತಲೆ ಅಲ್ಲಾಡಿಸಿದರು. ಹಾಳಾದ ಪಿಸ್ಟನ್ನುಗಳನ್ನು, ಈ ಮೇಜಿನ ಮೇಲಿನದ್ದೂ ಅದರಲ್ಲೊಂದು, ಎಂದಿನಂತೆ ಗೋಣಿಯಲ್ಲಿ ಕಟ್ಟಿ ಕೊಟ್ಟರು. ಆದರೆ ಅಂದು "ನಿಮ್ಮದು ನಿಮಗೆ" ಎನ್ನಲಿಲ್ಲ.

"ಇದು ನಿಮ್ಮ ಹತ್ರವೇ ಇರ್ಲಿ" ಎಂದರು. "ನನ್ನ ಹತ್ರ ಬೇಡ."

ಪುಕ್ಕಟೆ ಮಾಡಿಕೊಟ್ಟದ್ದೇ ಅವರಿಗೆ ಮುಳುವಾಯಿತು. ತಪ್ಪಿಲ್ಲದವನು ಯಾಕೆ ಪುಕ್ಕಟೆ ಮಾಡುತ್ತಾನೆ ಎಂದು ಊರು ಕೇಳಿತು. ಕುಂಬ್ರದಲ್ಲಿ ಆಡಿದ ಮಾತು ನನಗಿಂತ ಮೊದಲೇ ಗುತ್ತಿಗಾರು ತಲಪಿತ್ತು. ಜನ ನನ್ನನ್ನೇ ಕೇಳಿದರು. ನಾನು ಹೌದೆಂದೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. "ಹೋಗ್ಲಿ ಬಿಡಿ, ಪಾಪದ ಮನುಷ್ಯ" ಎಂದೆ. ಕ್ಷಮಿಸಿದವನಂತೆ... ನೆನೆದರೆ ಈಗಲೂ ಮೈಮೇಲೆ ಹುಳ ಹರಿದಂತಾಗುತ್ತದೆ. ನನ್ನ ವ್ಯಾಪಾರವೇ ನಂಬಿಕೆಯದ್ದು. ನಾನು ಸುಳ್ಳುಗಾರ ಎಂದು ಗೊತ್ತಾದರೆ ಯಾರು ನನ್ನಲ್ಲಿ ಪಾಲಿಸಿ ಮಾಡಿಸುತ್ತಾರೆ? ಕಾಕನ ವ್ಯಾಪಾರವೂ ನಂಬಿಕೆಯದ್ದೇ ಎಂದು ಯೋಚಿಸಲು ನನಗೆ ಮನಸ್ಸಿರಲಿಲ್ಲ.

ಒಂದೊಂದೇ ಜೀಪು ಬರುವುದು ನಿಂತಿತು. ಮರುವರ್ಷ ಅವರು ಟಯರಿನ ಪಂಕ್ಚರ್ ಹಾಕುತ್ತಿದ್ದರು. ನಾನು ಆ ದಾರಿಯಲ್ಲಿ ಹೋಗುವಾಗ ಮುಖ ಆಚೆ ತಿರುಗಿಸುತ್ತಿದ್ದೆ. ಅವರು ಮಾತ್ರ ಕೈ ಎತ್ತುತ್ತಿದ್ದರು. ಆಮೇಲೆ ಗ್ಯಾರೇಜು ಮುಚ್ಚಿತು. ಕಾಸರಗೋಡಿನ ಆಚೆ ಮಗಳ ಮನೆಗೆ ಹೋದರಂತೆ. ಕೆಲವು ವರ್ಷಗಳ ಮೇಲೆ, ತೀರಿಹೋದರಂತೆ ಎಂದು ಬಸ್ಸಿನಲ್ಲಿ ಯಾರೋ ಹೇಳಿದರು. ನಾನು ಕಿಟಕಿಯ ಹೊರಗೆ ನೋಡಿದೆ. ಇಷ್ಟು ಕಾಲ ನನ್ನನ್ನು ನಾನು ಸಮಾಧಾನಪಡಿಸಿಕೊಂಡದ್ದು ಒಂದೇ ಮಾತಿನಿಂದ. ಪಿಸ್ಟನ್ನಿನಲ್ಲೇ ಏನೋ ದೋಷ ಇದ್ದಿರಬೇಕೆಂದು ಕಾಕ ತಿಳಿದಿದ್ದಾರೆ, ನನ್ನ ಮೇಲೆ ಅವರಿಗೆ ಸಂಶಯವಿಲ್ಲ ಎಂದು.

ಭಾನುವಾರ ಬಂದ ಗೆಳೆಯರು ವಾಹನಗಳ ಸರ್ವೇಯರ್ ಆಗಿದ್ದವರು. ಮುರಿದ ಸಾಮಾನು ನೋಡಿ, ಗಾಡಿಯವನು ಹೇಳುವುದು ನಿಜವೋ ಸುಳ್ಳೋ ಎಂದು ಹೇಳುವುದೇ ಅವರ ಉದ್ಯೋಗವಾಗಿತ್ತು. ನನ್ನ ಕೈಯಿಂದ ಪಿಸ್ಟನ್ ತೆಗೆದುಕೊಂಡು ಬೆಳಕಿಗೆ ಹಿಡಿದರು. ಅದರ ಎರಡೂ ಮಗ್ಗುಲಿನ ಗೀರುಗಳ ಮೇಲೆ ಬೆರಳಾಡಿಸಿದರು.

"ಒಳ್ಳೆ ಒರಿಜಿನಲ್ ಪೀಸು" ಎಂದರು. "ಹೊಸ ಎಂಜಿನ್ನಿಗೆ ಲೋಡು ಹಾಕಿ ಘಾಟಿ ಹತ್ತಿಸಿದ್ದಾನೆ ಯಾರೋ. ಬಿಸಿಯಾದ್ರೂ ನಿಲ್ಲಿಸ್ಲಿಲ್ಲ. ಇಲ್ಲಿ ಬರೆದ ಹಾಗೆ ಉಂಟು ನೋಡಿ. ಯಾವ ಮೆಕ್ಯಾನಿಕ್ಕಿಗೂ ನೋಡಿದ ಕೂಡ್ಲೆ ಗೊತ್ತಾಗ್ತದೆ."

ಯಾವ ಮೆಕ್ಯಾನಿಕ್ಕಿಗೂ... ಅಂದರೆ ಕಾಕನಿಗೆ ಗೊತ್ತಿತ್ತು. ಮೊದಲ ದಿನವೇ ಗೊತ್ತಿತ್ತು. ಆ ಪಿಸ್ಟನ್ನನ್ನು ಗ್ಯಾರೇಜಿನ ಬಾಗಿಲಲ್ಲಿ ತೂಗುಹಾಕಿದ್ದರೆ ಗುತ್ತಿಗಾರಿನ ಜೀಪಿನವರೇ ಓದಿಕೊಳ್ಳುತ್ತಿದ್ದರು. ತಮ್ಮನ್ನು ಉಳಿಸಬಹುದಾಗಿದ್ದ ಒಂದೇ ಸಾಕ್ಷಿಯನ್ನು ಅವರು ಗೋಣಿಯಲ್ಲಿ ಕಟ್ಟಿ ನನ್ನ ಕೈಗೇ ಕೊಟ್ಟರು. ನಾನು ಅದರಲ್ಲಿ ಪೆನ್ನು ಇಟ್ಟೆ.

ಮರುದಿನ ಬಸ್ಸು ಹತ್ತಿ ಜಾಲ್ಸೂರಿಗೆ ಹೋದೆ. ಮಗಳ ವಿಳಾಸವಾದರೂ ಸಿಗಬಹುದು, ಅವಳಿಗಾದರೂ ಹೇಳಬೇಕು ಎಂದು. ಗ್ಯಾರೇಜಿದ್ದ ಜಾಗದ ಎದುರು ಚಹಾದ ಅಂಗಡಿ ಉಂಟು. ನಡೆಸುವವನಿಗೆ ಮೂವತ್ತೈದು ಇರಬಹುದು. ಇಲ್ಲಿ ಗ್ಯಾರೇಜ್ ನಡೆಸುತ್ತಿದ್ದ ಕಾಕನ ಮನೆಯವರು ಗೊತ್ತುಂಟಾ ಎಂದು ಕೇಳಿದೆ.

"ಯಾರು, ಡುಪ್ಲಿಕೇಟ್ ಕಾಕನಾ?" ಎಂದ. ಕುಹಕ ಏನೂ ಇರಲಿಲ್ಲ, ಸಹಜವಾಗಿಯೇ ಕೇಳಿದ.

ನಾನು ಚಹಾ ಕೆಳಗಿಟ್ಟು, ಅಲ್ಲಿದ್ದ ನಾಲ್ಕು ಜನರ ಎದುರು ಎಲ್ಲ ಹೇಳಿದೆ. ಮಡಿಕೇರಿ, ಶಾಲು, ಕುಂಬ್ರ, ಎಲ್ಲ. ಜೀವಮಾನವಿಡೀ ಮಾತು ಮಾರಿದವನಿಗೆ ಅಂದು ಮಾತು ತಡವರಿಸಿತು. ಅವರು ಕೇಳಿದರು. ಒಬ್ಬ ತನ್ನ ಬಸ್ಸು ಬಂತೆಂದು ಎದ್ದುಹೋದ.

"ಹಾಗಾ..." ಎಂದ ಅಂಗಡಿಯವನು. "ಅವರ ಮನೆಯವರ ಸುದ್ದಿ ಇಲ್ಲಿ ಯಾರಿಗೂ ಇಲ್ಲ. ನಮಗೆ ಅದೇ ಹೆಸರು ಗೊತ್ತಿರುದು. ಎಲ್ರೂ ಹಾಗೇ ಹೇಳುದಲ್ವಾ. ಅವರ ಸರಿ ಹೆಸರು ಎಂತ?"

ನಾನು ಬಾಯಿ ತೆರೆದೆ. ಬಿಲ್ಲು ಬರೆಯದ, ಬೋರ್ಡು ಹಾಕದ ಮನುಷ್ಯ. ಅಷ್ಟು ವರ್ಷ ನಾನು ಅವರನ್ನು ಕಾಕ ಎಂದದ್ದು ಬಿಟ್ಟರೆ ಬೇರೇನೂ ಕರೆದಿರಲಿಲ್ಲ, ಹೆಸರು ಕೇಳಿಯೂ ಇರಲಿಲ್ಲ.

"ಗೊತ್ತಿಲ್ಲ" ಎಂದೆ.

ಪಿಸ್ಟನ್ ಈಗಲೂ ಮೇಜಿನ ಮೇಲೆ ಇದೆ. ಪೆನ್ನುಗಳನ್ನು ತೆಗೆದಿದ್ದೇನೆ. ಗೀರು ಕಾಣುವ ಮಗ್ಗುಲನ್ನು ನನ್ನ ಕಡೆಗೆ ತಿರುಗಿಸಿ ಇಟ್ಟಿದ್ದೇನೆ.