ರೋಮನ್ ಗುಡಿಯ ಮುಂದೆ ಚಪ್ಪಲಿ ಸ್ಟ್ಯಾಂಡ್

ಇದನ್ನು ನೀವು ನಂಬುವುದಿಲ್ಲ, ನನಗೆ ಗೊತ್ತು. ಖುದ್ದು ಅಲ್ಲಿದ್ದ ನನಗೇ ಅರ್ಧ ಅನುಮಾನ. ಆದರೆ ಆ ಶನಿವಾರ ಅಮೆರಿಕದ ಪ್ಲೇನ್‌ಫೀಲ್ಡಿನ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಇಬ್ಬರನ್ನು ನಂಬಿಸದೆ ನನಗೆ ಬೇರೆ ದಾರಿ ಇರಲಿಲ್ಲ. ನಂಬಿಸದಿದ್ದರೆ ನಾನು ಇಲಿ.

ಕನ್ನಡ ಕೂಟದ ಗಣೇಶನ ಹಬ್ಬದ ನಾಟಕದಲ್ಲಿ ಎರಡೇ ಪಾತ್ರ ಉಳಿದಿದ್ದವು. ಗಣೇಶ ಸಿಂಹಾಸನದ ಮೇಲೆ ಕೂತು ಮೋದಕ ತಿನ್ನುತ್ತಾನೆ. ಇಲಿ ಬೂದು ಬಣ್ಣದ ಬಿಗಿ ಪ್ಯಾಂಟು ಹಾಕಿಕೊಂಡು, ಬಾಲ ಎಳೆದುಕೊಂಡು, ನಮ್ಮ ಸ್ಕೂಲಿನ ಅರ್ಧ ಜನರ ಫೋನುಗಳ ಮುಂದೆ ಅಂಬೆಗಾಲಿಡುತ್ತದೆ. ಕಣದಲ್ಲಿದ್ದವರು ನಾನು ಮತ್ತು ಹಬ್ಬಕ್ಕೆಂದು ವಾರೆನ್ ಊರಿನಿಂದ ಬಂದಿದ್ದ ನನ್ನ ಸೋದರಮಾವನ ಮಗ. ತೀರ್ಪು ಕೊಡುವವಳು ಅವನ ಪುಟ್ಟ ತಂಗಿ. ಅವಳು ಬೀನ್‌ಬ್ಯಾಗ್ ಮೇಲೆ ನಿಂತು ಕಾನೂನು ಹೇಳಿದ್ದಳು: ಬೇಸಿಗೆ ರಜೆಯ ಕತೆ ಯಾರದು ಚೆನ್ನಾಗಿದೆಯೋ ಅವನು ಗಣೇಶ. ಒಂದು ಸುಳ್ಳು ಸಿಕ್ಕಿಬಿದ್ದರೂ ಇಲಿ.

ಮಾವನ ಮಗನ ಕತೆ ಬೇಗ ಮುಗಿಯಿತು. ಮಾವ ಕಾರು ಡಿಸೈನ್ ಮಾಡುವವರು. ಅವರ ಆಫೀಸಿನಲ್ಲಿ ಹೊರಗಿನವರು ಯಾರೂ ನೋಡಿರದ ಹೊಸ ಕಾರನ್ನು ಇವನು ನೋಡಿದನಂತೆ.

"ಹೇಗಿತ್ತೋ?"

"ಮೇಲೆ ಬಟ್ಟೆ ಮುಚ್ಚಿದ್ರು."

"ಬಟ್ಟೆ ಹೇಗಿತ್ತು?"

"ಗ್ರೇ."

ಗಣೇಶನ ಕಿರೀಟ ಆಗಲೇ ನನ್ನ ತಲೆಯ ಮೇಲೆ ಕೂತ ಹಾಗಾಯಿತು. ಗಂಟಲು ಸರಿಮಾಡಿಕೊಂಡು ಶುರು ಮಾಡಿದೆ.

ಫ್ರಾನ್ಸಿನ ದಕ್ಷಿಣದಲ್ಲಿ ನೀಮ್ ಎಂಬ ಊರಿದೆ, ರಜೆಯಲ್ಲಿ ನಾವು ಹೋಗಿದ್ದು ಅಲ್ಲಿಗೆ. ಹೆಸರು ಕೇಳಿದ ಅಮ್ಮ ಅಲ್ಲಿ ಇಳಿದ ಕೂಡಲೇ ಬೇವಿನ ಮರ ಹುಡುಕತೊಡಗಿದಳು. ಬೇವು ಸಿಗಲಿಲ್ಲ, ಮೊಸಳೆ ಸಿಕ್ಕಿತು. ಅದು ಆ ಊರಿನ ಗುರುತಂತೆ, ರಸ್ತೆಯ ಕಲ್ಲುಗಳ ನಡುವೆ ಕೂರಿಸಿದ ಲೋಹದ ಬಿಲ್ಲೆಗಳ ಮೇಲೂ ಮೊಸಳೆ. ಬೇಸ್‌ಮೆಂಟಿನಲ್ಲಿ ನಾನು ಹೇಳುವಾಗ ಅವು ಸ್ವಲ್ಪ ಬಾಲ ಅಲ್ಲಾಡಿಸಿದವು, ಅಷ್ಟೇ. ಊರ ನಡುವೆ ರೋಮನ್ನರು ಕಟ್ಟಿದ ಗುಡಿ, ಎರಡು ಸಾವಿರ ವರ್ಷ ಹಳೆಯದು, ಆದರೂ ನಮ್ಮ ಬಡಾವಣೆಯ ಕ್ಲಬ್‌ಹೌಸಿಗಿಂತ ಗಟ್ಟಿ. ಅಪ್ಪ ಫೋನಿನಲ್ಲಿ ಅದರ ಇತಿಹಾಸ ಓದುತ್ತಾ ಬಾಯಿತಪ್ಪಿ "ಟೆಂಪಲ್" ಅಂದುಬಿಟ್ಟರು.

ಅಮ್ಮ ಮೆಟ್ಟಿಲ ಕೆಳಗೇ ನಿಂತಳು. "ಚಪ್ಪಲಿ ಬಿಡಿ."

"ಅಯ್ಯೋ, ಇಲ್ಲಿ ಪೂಜೆ ನಿಂತು ಯಾವ ಕಾಲ ಆಯ್ತು ಕಣೇ!"

"ಪೂಜೆ ನಿಂತಿದೆ ರೀ. ದೇವರು ಮನೆ ಖಾಲಿ ಮಾಡ್ಕೊಂಡು ಹೋದ ಅಂತ ನಿಮಗೆ ಯಾರು ಹೇಳಿದ್ರು?"

ಅಪ್ಪ ಫೋನು ಜೇಬಿಗಿಳಿಸಿ ಮೊದಲು ತಮ್ಮ ಚಪ್ಪಲಿಗೆ ಕೈ ಹಾಕಿದರು. ಬಿಟ್ಟೆವು. ನೂರು ಡಿಗ್ರಿ ಬಿಸಿಲು, ಕಲ್ಲಿನ ಮೇಲೆ ದೋಸೆ ಹುಯ್ದರೆ ಮಗುಚುವಷ್ಟರಲ್ಲಿ ಸೀದುಹೋಗುತ್ತಿತ್ತು. ನಾವು ಮೂವರೂ ಕುಣಿಯುತ್ತಾ ಮೆಟ್ಟಿಲು ಹತ್ತುವುದನ್ನು ಯಾರೋ ವಿಡಿಯೋ ಮಾಡಿಕೊಂಡರು. ಪ್ರಾಚೀನ ರೋಮನ್ ನೃತ್ಯವೆಂದು ಅದನ್ನು ಇವತ್ತಿಗೂ ನೆಂಟರಿಗೆ ತೋರಿಸುತ್ತಿರಬಹುದು.

ಅಷ್ಟರಲ್ಲಿ ಕೊಡೆ ಎತ್ತಿ ಹಿಡಿದ ಗೈಡಿನ ಹಿಂದೆ ಟೂರಿಸ್ಟರ ಗುಂಪೊಂದು ಬಂತು. ಮುಂದಿದ್ದ ಅಜ್ಜಿ ನಮ್ಮ ಚಪ್ಪಲಿಗಳನ್ನು ನೋಡಿ, ಇಲ್ಲಿ ಇದೇ ರೂಲ್ ಇರಬೇಕೆಂದು ತನ್ನ ಶೂ ಬಿಚ್ಚಿದಳು. ಅವಳನ್ನು ನೋಡಿ ಹಿಂದಿನವರು ಬಿಚ್ಚಿದರು. ಗೈಡ್ ತಿರುಗಿ ನೋಡುವಷ್ಟರಲ್ಲಿ ಗುಂಪಿಗೆ ಗುಂಪೇ ಬರಿಗಾಲು. ಅವನೂ ಅನುಮಾನಿಸುತ್ತಾ ಒಂದು ಶೂ ಬಿಚ್ಚಿದ.

ಅಪ್ಪನಿಗೆ ತಡೆಯಲಾಗಲಿಲ್ಲ. "ಚಾಮುಂಡಿ ಬೆಟ್ಟದಲ್ಲಿ ಹಿಂಗೆ ಬಿಟ್ರೆ ಒಂದೂ ಉಳಿಯಲ್ಲ" ಎನ್ನುತ್ತಾ ಓಡಿಬಂದು, ಕೈಯಲ್ಲಿದ್ದ ಊರಿನ ಮ್ಯಾಪನ್ನು ಚೂರು ಚೂರು ಹರಿದು, ನಂಬರ್ ಬರೆದು ಟೋಕನ್ ಹಂಚತೊಡಗಿದರು. ಮನೆಯಲ್ಲಿ ನಾಯಿ ಕೂಡ ಅವರ ಮಾತು ಕೇಳುವುದಿಲ್ಲ. ಅಲ್ಲಿ ಅರ್ಧ ಯುರೋಪು ಕ್ಯೂ ನಿಂತಿತು.

"ನೋ ವೇ!" ತೀರ್ಪುಗಾರ್ತಿ ಹೊಟ್ಟೆ ಹಿಡಿದುಕೊಂಡು ಬೀನ್‌ಬ್ಯಾಗಿನಿಂದ ಕೆಳಗುರುಳಿದಳು.

"ಪ್ರೂಫ್ ಎಲ್ಲೋ?" ಎಂದ ಮಾವನ ಮಗ. ಬಾಲ ತನ್ನ ಕಡೆಗೇ ಬರುತ್ತಿರುವುದು ಅವನಿಗೆ ಕಂಡಿತ್ತು.

ನಾನು ಜೇಬಿನಿಂದ ಒಂದು ಟೋಕನ್ ತೆಗೆದು ಕೊಟ್ಟೆ. ಒಂದು ಮಗ್ಗುಲಲ್ಲಿ ನೀಮ್ ಊರಿನ ಗಲ್ಲಿ, ಇನ್ನೊಂದರಲ್ಲಿ ಅಪ್ಪನ ಕೈಬರಹದ ಏಳು. ಅವನು ಎರಡೂ ಕಡೆ ತಿರುಗಿಸಿ ನೋಡಿ ವಾಪಸ್ ಕೊಟ್ಟ.

ಅಲ್ಲಿಗೆ ನಿಲ್ಲಿಸಿದ್ದರೆ ನಾನು ಗಣೇಶ. ಆದರೆ ಎದುರಿಗಿದ್ದವರು ನಗುತ್ತಿರುವಾಗ ಬಾಯಿ ಮುಚ್ಚುವ ಜಾತಿ ನನ್ನದಲ್ಲ.

"ಆಗ ಬಂದ ನೋಡು ಗಾರ್ಡು! ಏಳಡಿ! ಮೀಸೇಲಿ ಒಂದು ಮೊಸಳೆ ಬಚ್ಚಿಡ್ಬಹುದಿತ್ತು. ಅಪ್ಪ ಗಡಗಡ ನಡುಗ್ತಿದ್ರು, ಅಮ್ಮ ಕಣ್ಣು ಮುಚ್ಕೊಂಡು ಶ್ಲೋಕ ಹೇಳ್ತಿದ್ಳು. ನಾನೊಬ್ನೇ ಎದೆ ಸೆಟೆಸಿ ಅವನ ಮುಂದೆ ಹೋಗಿ, ಫ್ರೆಂಚಲ್ಲಿ..."

"ಫ್ರೆಂಚಾ?"

ಮೆಟ್ಟಿಲ ಮೇಲೆ ಅಮ್ಮ. ಕೈಯಲ್ಲಿ ಬೂದು ಬಟ್ಟೆ, ಕೊರಳಲ್ಲಿ ಅಳತೆ ಟೇಪು.

"ಆ ಗಾರ್ಡು ಪಾಪ, ತನ್ನ ಶೂ ಎಲ್ಲಿಡ್ಬೇಕು ಅಂತ ಕೇಳಕ್ಕೆ ಬಂದಿದ್ದ. ಇವನು ನನ್ನ ದುಪಟ್ಟಾ ಒಳಗೆ ನುಗ್ಗಿ, 'ಅಮ್ಮಾ, ನಮ್ಮನ್ನ ಜೈಲಿಗೆ ಹಾಕ್ತಾರಾ?' ಅಂತ ಗೊಳೋ ಅಂದ. ಏನು ಕೇಳಿದ್ರೂ ಇಂಗ್ಲಿಷಲ್ಲಿ ಉತ್ತರ ಕೊಡೋ ಹುಡುಗ, ಅವತ್ತು ಎಷ್ಟು ಸ್ವಚ್ಛ ಕನ್ನಡ ಮಾತಾಡ್ದ ಗೊತ್ತಾ!"

ತೀರ್ಪುಗಾರ್ತಿ ಎದ್ದು, ಬಟ್ಟೆ ಕೊಡವಿಕೊಂಡು, ಮತ್ತೆ ಬೀನ್‌ಬ್ಯಾಗ್ ಹತ್ತಿ ನಿಂತಳು.

"ಮೌಸ್."

ಅಮ್ಮನಿಗೆ ನಮ್ಮ ಪಂದ್ಯದ ಸುದ್ದಿಯೇ ಗೊತ್ತಿರಲಿಲ್ಲ. ಅವಳು ಟೇಪು ಬಿಚ್ಚುತ್ತಾ ನಮ್ಮಿಬ್ಬರನ್ನೂ ನೋಡಿದಳು. "ಯಾರಪ್ಪಾ ಇಲಿ? ಬೇಗ ಬನ್ನಿ, ಬಾಲಕ್ಕೆ ಅಳತೆ ತಗೋಬೇಕು."

ಮಾವನ ಮಗ ಆಗಲೇ ಮೋದಕ ಬಾಯಲ್ಲಿಟ್ಟುಕೊಂಡವನ ಗಾಂಭೀರ್ಯದಲ್ಲಿ ನನ್ನ ಕಡೆ ಕೈ ತೋರಿಸಿದ.