ಕುಂಟೆಬಿಲ್ಲೆಗೆ ಸಿಕ್ಕ ಬಿಲ್ಲೆ

"ಅಮ್ಮಾ, ಎಷ್ಟ್ ಚೆನ್ನಾಗಿ ರೌಂಡ್ ಮಾಡಿದೀನಿ ನೋಡು!"

ಕಳೆದ ವಾರ ಮಗಳನ್ನು ಕರೆತರಲು ಕುರುಬರಹಳ್ಳಿಯ ಅವಳ ಸರ್ಕಾರಿ ಶಾಲೆಗೆ ಹೋಗಿದ್ದೆ. ಅವಳ ಕೈಯಲ್ಲಿ ಕುಂಟೆಬಿಲ್ಲೆ ಆಡುವ ಬೂದು ಬಿಲ್ಲೆ. ಅದರ ಅಂಚನ್ನು ನೆಲಕ್ಕೆ ಗಸಗಸ ಉಜ್ಜಿದಳು. "ಉಫ್" ಎಂದು ಊದಿದಳು. ಪುಡಿ ಬಿಸಿಲಲ್ಲಿ ಮಿನುಗಿತು. (ನೋಡಲು ಚೆನ್ನಾಗಿಯೇ ಇತ್ತು. ಅದೇ ಭಯ.)

ತಲೆ ಎತ್ತಿದೆ. ತರಗತಿಯ ಸೂರಿಗೆ ಒಂದು ಮೂಲೆಯಲ್ಲಿ ಹೊಸ ಶೀಟು. ಕೆಳಗೆ ಗೋಡೆ ಪಕ್ಕ ಹಳೆಯದರ ಚೂರುಗಳ ರಾಶಿ, ಬಿಲ್ಲೆಯದೇ ಬೂದು ಬಣ್ಣ.

"ಬಿಸಾಕೇ ಅದನ್ನ!" ಕಿರುಚಿದೆ.

"ಯಾಕಮ್ಮಾ? ಕಲ್ಲಿಗಿಂತ ಇದೇ ಬೆಸ್ಟು. ಪುಟಿಯಲ್ಲ. ಎಲ್ರೂ ಇದ್ರಲ್ಲೇ ಆಡೋದು."

ಎಲ್ಲರೂ!

ನಾವು ಅದನ್ನು ಸಿಮೆಂಟ್ ಶೀಟು ಅನ್ನುತ್ತೇವೆ. ಎಂಥ ಸಾಧು ಹೆಸರು! ಸಿಮೆಂಟಿನೊಳಗೆ ಇರುವುದು ಆಸ್ಬೆಸ್ಟಾಸ್. ಮುರಿದರೆ, ಉಜ್ಜಿದರೆ ಕಣ್ಣಿಗೆ ಕಾಣದ ಎಳೆಗಳು ಶ್ವಾಸಕೋಶಕ್ಕಿಳಿದು ಅಲ್ಲೇ ಕೂರುತ್ತವೆ. ಕಾಯಿಲೆ ಕಾಣಿಸುವುದು ದಶಕಗಳ ನಂತರ. ಈಗ ಮನೆಯಲ್ಲಿ ಕುಕ್ಕರ್ ಹಬೆ ಬಿಟ್ಟರೂ ನನಗೆ ಆ "ಉಫ್" ಕೇಳುತ್ತದೆ.

ಹೆಡ್‌ಮಿಸ್ ಒಳ್ಳೆಯವರು. ತಕ್ಷಣ ರಾಶಿಗೆ ನೀರು ಹಾಕಿಸಿ, ಟಾರ್ಪಾಲು ಮುಚ್ಚಿಸಿದರು. ಪುಡಿ ಏಳುತ್ತದೆಂದು ಪೊರಕೆ ಮುಟ್ಟಲು ಬಿಡಲಿಲ್ಲ.

"ಗ್ರಾಂಟ್ ಬಂದಿಲ್ವಾ ಮೇಡಂ?"

"ಬಂದಿದೆ ಕಣಮ್ಮ, ರಿಪೇರಿ ಹೆಡ್ಡಲ್ಲಿ, ಆ ಖರ್ಚಿನ ಲೆಕ್ಕಕ್ಕೆ ಮಾತ್ರ. ಹೊಸಾ ಶೀಟ್ ಹಾಕ್ಸಬಹುದು, ಪೇಂಟ್ ಹೊಡಿಸಬಹುದು. ಹಳೇದನ್ನ ಹುಷಾರಾಗಿ ಇಳಿಸಿ ಸಾಗ್ಸೋಕೆ ಹೆಡ್ಡೇ ಇಲ್ವಲ್ಲ!"

"ಮತ್ತೆ ಹೆಂಗೆ ಇಳಿಸಿದ್ರು?"

"ಮೇಸ್ತ್ರಿ ಸುತ್ತಿಗೇಲಿ ಹೊಡ್ದು ಬೀಳ್ಸಿದ."

ಅಂದರೆ, ಅಪಾಯವನ್ನು ಪುಡಿ ಮಾಡಿ ಮಕ್ಕಳ ಮಧ್ಯೆ ಸುರಿಯಲು ಅನುದಾನವಿದೆ. ಹೊರಗೆ ಸಾಗಿಸಲು ಇಲ್ಲ. ಗೋಡೆಯ ಪೇಂಟಿಗೆ ಒಂದು ಹೆಡ್ಡು ಇರಬಹುದಾದರೆ, ಮಕ್ಕಳ ಉಸಿರಿಗೆ ಯಾಕಿಲ್ಲ?

ಶಾಲಾಭಿವೃದ್ಧಿ ಸಮಿತಿಯ ಮೀಟಿಂಗಿನಲ್ಲಿ ಇದನ್ನೇ ಕೇಳುತ್ತೇನೆ. ಆಮೇಲೆ ಶಿಕ್ಷಣಾಧಿಕಾರಿಯ ಕಚೇರಿ. ಆಮೇಲೆ ಶಾಸಕರ ಮನೆ. ಇಂಥ ಶೀಟುಗಳನ್ನು ಬಲ್ಲವರಿಂದ, ಒಡೆಯದೆ ಇಳಿಸಿ, ಸುರಕ್ಷಿತವಾಗಿ ವಿಲೇವಾರಿ ಮಾಡಲು ಪ್ರತ್ಯೇಕ ಅನುದಾನ ಬೇಕು. "ನೋಡೋಣ ಬಿಡಿ ಮೇಡಂ" ಅಂದರೆ ಮಾರನೆಯ ದಿನವೂ ಹೋಗುತ್ತೇನೆ. (ಕಚೇರಿ ಇರುವ ರಾಜಾಜಿನಗರದ ಕಡೆಗೆ ಬಸ್ಸುಗಳಿಗೇನು ಬರವೇ?) ಅಕ್ಕಪಕ್ಕದ ಅಮ್ಮಂದಿರೂ ಬರುತ್ತಿದ್ದಾರೆ.

ಅಂದಹಾಗೆ, ನಾನು ಅಷ್ಟು ಕಿರುಚಿದರೂ ಮಗಳು ಬಿಲ್ಲೆಯನ್ನು ಬಿಸಾಕಿರಲಿಲ್ಲ. ಅಂಗೈಯಲ್ಲಿಟ್ಟುಕೊಂಡು ಮೈದಾನದ ಸುತ್ತ ಒಮ್ಮೆ ನೋಡಿದಳು. ಆಮೇಲೆ ಕೇಳಿದಳು. ಸರ್ಕಾರ ಉತ್ತರಿಸಬೇಕಾದ ಪ್ರಶ್ನೆಯೂ ಅದೇ:

"ಎಲ್ಲಿಗೆ ಬಿಸಾಕ್ಲಿ?"